ಪುಸ್ತಕದಲ್ಲಿಲ್ಲದ ಹುಲಿ

ಕಂಟ್ರಾಕ್ಟರ್ ದಯಾನಂದ ಕೋರೆಹಲ್ಲು ಮಸೆಯುತ್ತ ಪರದೆಯ ಮೇಲೆ ಬಂದದ್ದೇ ತಡ, ಆದಿನಾರಾಯಣಪ್ಪ ಮೇಷ್ಟ್ರು ಮುಂದಿನ ಸಾಲಿನ ಚಾಪೆಯಿಂದ ಎದ್ದುಬಿಟ್ಟರು. ಅವರು ಬರೆದ ಕಾದಂಬರಿಯಲ್ಲಿ ದಯಾನಂದ ಇಸ್ತ್ರಿ ಮಾಡಿದ ಜುಬ್ಬ ತೊಟ್ಟು, ಕಂಡಕಂಡವರಿಗೆಲ್ಲ ಕೈಮುಗಿದು, ನಗುನಗುತ್ತಲೇ ಹೆಂಡತಿ ಮಂದಾಕಿನಿಯ ಬಾಳು ಹಾಳು ಮಾಡುವವನು. ಇಲ್ಲಿ ನೋಡಿದರೆ ತೊಗಲುಬೊಂಬೆಗೆ ಹಸಿರು ಮೈ, ತಲೆಯ ಮೇಲೆ ಎರಡು ಕೊಂಬು.

"ಕಂಟ್ರಾಕ್ಟರು ಅಂದ್ರೆ ಹಿಂಗೇ ಕಣ್ಲಾ ಇರ್ತಾರೆ!" ಎಂದು ಹಿಂದಿನಿಂದ ಯಾರೋ ಅಂದರು. ತೂಬಗೆರೆಯ ಜನವೆಲ್ಲ ಗೊಳ್ಳೆಂದಿತು.

ತಪ್ಪು ಮೇಷ್ಟ್ರದೇ. ಆ ಒಂದು ಕಾದಂಬರಿ ಬರೆಯಲು ಅವರಿಗೆ ಆರು ವರ್ಷ ಹಿಡಿದಿತ್ತು. ದೊಡ್ಡಬಳ್ಳಾಪುರದ ಪ್ರೆಸ್ಸಿನಿಂದ ಅಚ್ಚಾಗಿ ಬಂದ ಪ್ರತಿಗಳು ಕಟ್ಟು ಬಿಚ್ಚದೆ ಮಂಚದ ಕೆಳಗೆ ಕೂತಿದ್ದವು. ಓದುವವರಿಲ್ಲದಿದ್ದರೆ ಹೋಗಲಿ, ನೋಡುವವರಾದರೂ ಸಿಗಲಿ ಎಂದುಕೊಂಡು, ಅರವತ್ತೆಂಟನೇ ಇಸವಿಯ ಆ ಬೇಸಿಗೆಯಲ್ಲಿ ಊರಿಗೆ ಬಂದು ಬೀಡುಬಿಟ್ಟಿದ್ದ ತೊಗಲುಬೊಂಬೆಯ ಬೈಲಪ್ಪನನ್ನು ಹಿಡಿದರು. ಮೂರು ಮಧ್ಯಾಹ್ನ ಕೂತು ಇಡೀ ಪುಸ್ತಕ ಓದಿ ಹೇಳಿದರು. ಬೈಲಪ್ಪ ಕಣ್ಣು ಮುಚ್ಚಿಕೊಂಡು ಕೇಳಿ, "ಒಂದಕ್ಷರ ಬಿಡಲ್ಲ ಸ್ವಾಮಿ" ಎಂದು ಮಾತು ಕೊಟ್ಟಿದ್ದ.

ಮೇಷ್ಟ್ರು ಪಕ್ಕದಿಂದ ನುಸುಳಿ ಪರದೆಯ ಹಿಂದೆ ಹೋದರು. ದೀಪದ ಬೆಳಕಿನಲ್ಲಿ ಬೈಲಪ್ಪ ಕಾಲಿನಿಂದ ಹಲಗೆ ಬಡಿಯುತ್ತ, ಎರಡೂ ಕೈಯಲ್ಲಿ ಬೊಂಬೆ ಆಡಿಸುತ್ತ ಬೆವರುತ್ತಿದ್ದ. ಅವನ ಹೆಂಡತಿ ಲಕ್ಕಮ್ಮ ಹಾರ್ಮೋನಿಯಂ ನುಡಿಸುತ್ತ ಹೆಣ್ಣುದನಿಯ ಮಾತೆಲ್ಲ ಆಡುತ್ತಿದ್ದಳು.

"ಬೈಲಪ್ಪಾ, ನನ್ನ ದಯಾನಂದನಿಗೆ ಕೊಂಬು ಎಲ್ಲಿತ್ತಯ್ಯಾ?" ಮೇಷ್ಟ್ರು ಪಿಸುದನಿಯಲ್ಲೇ ಗುಡುಗಿದರು.

"ಕೆಟ್ಟೋನು ಅಂತ ತಾನೇ ನೀವು ಬರ್ದಿರೋದು? ನನ್ ಪೆಟ್ಟಿಗೇಲಿರೋ ಕೆಟ್ಟೋನು ಇವನೊಬ್ನೇ."

"ಅವನು ಒಳಗೊಳಗೇ ಕೆಟ್ಟೋನು ಕಣಯ್ಯಾ!"

"ಒಳಗಿದ್ದದ್ದನ್ನ ಹೊರಗೆ ತಂದಿವ್ನಿ, ಬಿಡಿ ಸ್ವಾಮಿ."

"ಮಂದಾಕಿನಿ ಕಿಟಕಿ ಹತ್ರ ನಿಂತು ಯೋಚನೆ ಮಾಡೋ ಅಧ್ಯಾಯ ಎಲ್ಲೋಯ್ತು? ಹನ್ನೆರಡು ಪುಟ ಬರ್ದಿದೀನಿ!" ಆರು ವರ್ಷದಲ್ಲಿ ಎರಡು ವರ್ಷ ಆ ಹನ್ನೆರಡು ಪುಟಕ್ಕೇ ಹೋಗಿತ್ತು.

ಲಕ್ಕಮ್ಮ ಹಾರ್ಮೋನಿಯಂ ನಿಲ್ಲಿಸದೆಯೇ ಇತ್ತ ತಿರುಗಿದಳು. "ಮಂದಕ್ಕನ ಯೋಚನೇನಾ? ಅದು ಆಗೋಯ್ತಲ್ಲ ಸ್ವಾಮಿ. ಆಗ್ಲೇ ನಾನು 'ಉಸ್ಸಪ್ಪಾ' ಅಂದ್ನಲ್ಲ, ಕೇಳಿಸ್ಲಿಲ್ವಾ?"

ಅಷ್ಟರಲ್ಲಿ ಬೈಲಪ್ಪ ಪೆಟ್ಟಿಗೆಯಿಂದ ಒಂದು ಹುಲಿಯನ್ನು ಎತ್ತಿದ. ಕಾದಂಬರಿಯ ಕೊನೆಯಲ್ಲಿ ದಯಾನಂದನಿಗೆ ಏನೂ ಆಗುವುದಿಲ್ಲ. ಮಂದಾಕಿನಿ ಒಂದು ಮಾತೂ ಆಡದೆ ಬಸ್ಸು ಹತ್ತಿ ಹೊರಟುಹೋಗುತ್ತಾಳೆ. ಅದನ್ನು ಬರೆದ ದಿನ ಮೇಷ್ಟ್ರಿಗೆ ಊಟ ಸೇರಿರಲಿಲ್ಲ.

"ಹುಲಿ ಯಾಕೆ?"

"ಕಂಟ್ರಾಕ್ಟರನ್ನ ತಿನ್ನಕ್ಕೆ. ಕೆಟ್ಟೋನು ಉಳ್ಕೊಂಡ್ರೆ ಜನ ನನ್ನ ತಿಂದಾಕ್ತಾರೆ."

"ಪುಸ್ತಕದಲ್ಲಿ ಹುಲಿ ಇಲ್ಲ!" ಎಂದವರೇ ಮೇಷ್ಟ್ರು ಅದರ ಬಾಲ ಹಿಡಿದು ಎಳೆದರು.

ಬೈಲಪ್ಪ ತನ್ನ ಕಡೆಗೆ ಎಳೆದ. ಮೇಷ್ಟ್ರು ಬಿಡಲಿಲ್ಲ. ಎಳೆದಾಟದಲ್ಲಿ ತಾವು ದೀಪಕ್ಕೂ ಪರದೆಗೂ ನಡುವೆ ಬಂದುಬಿಟ್ಟದ್ದು ಅವರಿಗೆ ತಿಳಿಯಲೇ ಇಲ್ಲ. ಹೊರಗೆ ಕೂತವರಿಗೆ ಮಾತ್ರ, ಪರದೆಯ ತುಂಬ ಕನ್ನಡಕದ ಆಸಾಮಿಯೊಬ್ಬ ಹುಲಿಯ ಜೊತೆ ಹೊಡೆದಾಡುವುದು ಕಾಣಿಸಿತು. ಶಿಳ್ಳೆಯೋ ಶಿಳ್ಳೆ. ಮುದುಕಿ ಪಾಪಮ್ಮ ಎದ್ದು ನಿಂತು, "ಬಿಡ್‌ಬ್ಯಾಡ ಹುಲಿಯಪ್ಪಾ, ಅವನೂ ಕಂಟ್ರಾಕ್ಟರ್ ಕಡೆಯೋನೇ!" ಎಂದು ಕೂಗಿದಳು. ಮೇಷ್ಟ್ರು ಹಲಗೆಗೆ ಕಾಲು ತೊಡರಿ ದೊಪ್ಪನೆ ಬಿದ್ದರು. ಬೈಲಪ್ಪ ಅಂಥ ಸಮಯ ಬಿಡುವವನೇ? ಹುಲಿ ಮೊದಲು ಕನ್ನಡಕದವನನ್ನು ತಿಂದು, ಆಮೇಲೆ ಕಂಟ್ರಾಕ್ಟರನ್ನು ತಿಂದಿತು. ಪೆಟ್ಟಿಗೆಯಲ್ಲಿ ಬಸ್ಸು ಇಲ್ಲದ್ದರಿಂದ ಮಂದಕ್ಕ ನವಿಲು ಹತ್ತಿ ಹೊರಟುಹೋದಳು.

ಮರುದಿನ ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಮೇಷ್ಟ್ರ ಮನೆಯ ಜಗಲಿಗೆ ಬಂದರು. ಸೊಂಟ ಹಿಡಿದುಕೊಂಡು ಕೂತಿದ್ದ ಮೇಷ್ಟ್ರು ಮುಖ ಅತ್ತ ತಿರುಗಿಸಿದರು.

"ನೆನ್ನೆ ಆಟಕ್ಕೆ ಸೂಲಿಬೆಲೆಯೋರು ಬಂದಿದ್ರು ಸ್ವಾಮಿ," ಎಂದ ಬೈಲಪ್ಪ ತಲೆ ಕೆರೆದುಕೊಳ್ಳುತ್ತ. "ಅವರೂರಲ್ಲೂ ಇದೇ ಆಡ್ಬೇಕಂತೆ. ಆದ್ರೆ ಕನ್ನಡಕದೋನು ಇರ್ಲೇಬೇಕಂತೆ. ನೀವು ಬರ್ಬೇಕು."

"ನನ್ನ ಪುಸ್ತಕ ಕೊಂದಿದ್ದು ಸಾಲ್ದೇನಯ್ಯಾ? ಊರೂರಲ್ಲೂ ನಾನು ಬೇರೆ ಸಾಯ್ಬೇಕಾ?"

ಬೈಲಪ್ಪ ಪೆಚ್ಚಾಗಿ ಹೆಂಡತಿಯ ಕಡೆ ನೋಡಿದ. ಲಕ್ಕಮ್ಮ ಸೆರಗು ಸರಿಮಾಡಿಕೊಂಡು ಮೆಲ್ಲಗೆ ಹೇಳಿದಳು: "ಒಂದ್ ಮಾತು ಸ್ವಾಮಿ. ನಮ್ಮ ಆಟದಲ್ಲಿ ಬದುಕಿರೋರು ಎರಡು ಮಾತು ಜಾಸ್ತಿ ಆಡಿದ್ರೂ ಜನ ಎದ್ದೋಯ್ತಾರೆ. ಸಾಯೋನು ಮಾತ್ರ ಎಷ್ಟೊತ್ತು ಮಾತಾಡಿದ್ರೂ ಕೂತ್ಕೊಂಡು ಕೇಳ್ತಾರೆ. ಕೊನೇ ಮಾತಲ್ವಾ? ಯಾರೂ ಅಡ್ಡಿ ಮಾಡಲ್ಲ."

ಮೇಷ್ಟ್ರು ಮುಖ ಇತ್ತ ತಿರುಗಿಸಿದರು. ಆಮೇಲೆ ನಿಧಾನವಾಗಿ ಎದ್ದು ಒಳಗೆ ಹೋದರು. ಮಂಚದ ಕೆಳಗೆ ಬಗ್ಗಿ, ಒಂದು ಕಟ್ಟು ಬಿಚ್ಚಿ, ಪುಸ್ತಕ ತೆಗೆದುಕೊಂಡರು. ಕಿಟಕಿಯ ಅಧ್ಯಾಯ ಶುರುವಾಗುವ ಕಡೆ ಪುಟದ ಮೂಲೆ ಮಡಿಸಿ, ಅದನ್ನು ಕೈಚೀಲಕ್ಕೆ ಹಾಕಿಕೊಂಡು ಹೊರಗೆ ಬಂದರು.

"ಬರ್ತೀನಿ ಕಣಯ್ಯಾ," ಎಂದರು. "ದೀಪಕ್ಕೆ ಎಣ್ಣೆ ಮಾತ್ರ ಜಾಸ್ತಿ ಇಟ್ಕೊಂಡಿರು."