ಹಿತ್ತಲಿನ ಅರ್ಧಚಂದ್ರ

ನೆಂದ ಇಟ್ಟಿಗೆಯ ವಾಸನೆ ಬಂದರೆ ಈಗಲೂ ಮೈ ಜುಮ್ಮೆನ್ನುತ್ತದೆ. ನೋಯ್ಡಾದಲ್ಲಿ ಕೊಂಡ ಹಳೇ ಮನೆಯ ಹಿತ್ತಲಿಗೆ ಅಪ್ಪ ವಾರಗಟ್ಟಲೆ ಕೂತು ನಕ್ಷೆ ತಯಾರಿಸಿದ್ದರು: ಬೇವಿನ ಕೆಳಗೆ ಕಲ್ಲುಬೆಂಚು, ಮುಂದೆ ಅರ್ಧಚಂದ್ರಾಕಾರದ ಹೂವಿನ ಪಾತಿ. ಆ ಮಧ್ಯಾಹ್ನ ಅಗೆಯುತ್ತಿದ್ದ ಮೇಸ್ತ್ರಿ, "ಸಾಬ್, ಇಲ್ಲಿ ಮೊದಲೇ ಪಾತಿ ಇದೆ!" ಅಂದ. ನೀರು ಸುರಿದು ತೊಳೆದಾಗ ಇಟ್ಟಿಗೆಯ ಅರ್ಧಚಂದ್ರ ಕಾಣಿಸಿತು. ಅಪ್ಪ ಸುಣ್ಣದಲ್ಲಿ ಎಳೆದಿದ್ದ ಗೆರೆಯ ಕೆಳಗೇ, ಅಷ್ಟೇ ಅಗಲ. ಅಂಚಿನ ಸಿಮೆಂಟಿನಲ್ಲಿ ಮಗುವೊಂದರ ಬರಿಗಾಲಿನ ಗುರುತು. ನಾನು ಚಪ್ಪಲಿ ಬಿಟ್ಟು ಅದರಲ್ಲಿ ಕಾಲಿಟ್ಟೆ, ಸರಿಯಾಗಿ ಕೂತಿತು.

"ತೆಗಿಯೇ ಕಾಲು!" ಅಮ್ಮ ನನ್ನನ್ನು ಎಳೆದುಕೊಂಡಳು. ಆಮೇಲೆ ಅಪ್ಪನ ಕಡೆ ತಿರುಗಿ ಮೆಲ್ಲಗೆ ಕೇಳಿದಳು: "ನಿಮಗೆ ಈ ಆಕಾರ ಹೇಗ್ರೀ ಹೊಳೀತು?"

ಅಪ್ಪ ನನ್ನನ್ನೇ ನೋಡುತ್ತಿದ್ದರು. "ಪಾತಿ ನಾನು ಬರೆದದ್ದಲ್ಲ ಕಣೇ. ಪೆನ್ಸಿಲ್ ಕಿತ್ಕೊಂಡು ಇವಳೇ ಬರೆದಳು."