ಒಳಜೇಬಿನ ಪತ್ರ

"ಮತ್ತೆ ಹಲ್ಲಲ್ಲೇ ದಾರ ಕಡೀತಿದ್ದೀಯಲ್ಲಮ್ಮಾ! ಎಷ್ಟು ಸಲ ಹೇಳ್ಬೇಕು ನಿಂಗೆ?" ಅಂಗಡಿಯೊಳಗೆ ಕಾಲಿಡುತ್ತಲೇ ಹಲ್ಲಿನ ಡಾಕ್ಟರು ಗದರಿದರು.

ಟೈಲರಮ್ಮ ಬಾಯಲ್ಲಿದ್ದ ದಾರದ ತುಂಡನ್ನು ಪಕ್ಕಕ್ಕೆ ಉಗಿದಳು. "ಕತ್ತರಿ ಎರಡೂ ಸಾಣೆಗೆ ಹೋಗಿವೆ ಡಾಕ್ಟ್ರೇ. ಬನ್ನಿ, ನಿಮ್ಮ ಕೋಟೇ ಹಿಡ್ಕೊಂಡು ಕೂತಿದ್ದೀನಿ."

ಡಾಕ್ಟರು ಗೋಡೆ ಗಡಿಯಾರ ನೋಡಿದರು. ನಾಲ್ಕು ಇಪ್ಪತ್ತು. ಅವರ ಅಂಗಿಯ ಜೇಬಿನಲ್ಲಿದ್ದ ಪತ್ರ ಐದರೊಳಗೆ ಟೈಲರಮ್ಮನ ಕೈ ಸೇರಬೇಕಿತ್ತು. ಮೂಲೆ ಸೈಟನ್ನು ಅವಳಿಗೆ ಮಾರುತ್ತೇನೆಂದು ಕರಾರು ಬರೆದುಕೊಟ್ಟು ಅಂದಿಗೆ ಮೂವತ್ತು ದಿನ. ಬೇಡವೆನ್ನಿಸಿದರೆ ಮೂವತ್ತನೆಯ ದಿನ ಸಂಜೆ ಐದರೊಳಗೆ ಪತ್ರವನ್ನು ಎದುರಿನವರ ಕೈಗೇ ಕೊಟ್ಟು ಕರಾರು ಮುರಿಯಬಹುದು. ಆಮೇಲೆ ಯಾರೂ ಹಿಂದೆ ಸರಿಯುವಂತಿಲ್ಲ. ಈ ಷರತ್ತನ್ನು ಪಟ್ಟು ಹಿಡಿದು ಬರೆಸಿದವರು ಡಾಕ್ಟರೇ. ಮೊನ್ನೆ ಔಷಧಿ ಅಂಗಡಿಯವನು ಅದೇ ಸೈಟಿಗೆ ಹೆಚ್ಚಿನ ಬೆಲೆ ಹೇಳಿದ್ದೇ ತಡ, ಅವರಿಗೆ ನಿದ್ದೆ ಹಾರಿಹೋಗಿತ್ತು.

ಹಾಗಾದರೆ ಬಂದವರು ಪತ್ರ ಕೊಟ್ಟು ಹೋಗಬಾರದಿತ್ತೇ? ಅಲ್ಲೇ ಇರುವುದು ತಮಾಷೆ. ನಾಡಿದ್ದು ಮಗಳ ಮದುವೆ. ಪತ್ರ ಮೊದಲು ಕೊಟ್ಟರೆ ಕೋಟಿನ ಗತಿ? ಮೆಟ್ಟಿಲ ಕೆಳಗಿನ ಈ ಬಾಡಿಗೆ ಗೂಡನ್ನು ತಿಂಗಳ ಕೊನೆಗೆ ಖಾಲಿ ಮಾಡಬೇಕಾದವಳು, ಆ ಸೈಟನ್ನೇ ನೆಚ್ಚಿ ಕೂತವಳು, ಸಿಟ್ಟಿನಲ್ಲಿ ಒಂದು ತೋಳು ಬಿಟ್ಟೇ ಹೊಲಿದಾಳು! ಮೊದಲು ಕೋಟು, ಆಮೇಲೆ ಪತ್ರ. ಡಾಕ್ಟರ ತಲೆ ಎಂದರೆ ಸಾಮಾನ್ಯವೇ?

ಕೋಟು ತೊಟ್ಟು ಕನ್ನಡಿಯ ಮುಂದೆ ನಿಂತರೆ ಅಂಗಿಯ ಜೇಬಿನಿಂದ ಲಕೋಟೆಯ ತುದಿ ಇಣುಕುತ್ತಿತ್ತು. ಟೈಲರಮ್ಮ ಗುಂಡಿ ಡಬ್ಬಿಗೆ ಬಗ್ಗಿದ ಗಳಿಗೆ ನೋಡಿ, ಅದನ್ನು ಮೆಲ್ಲಗೆ ಕೋಟಿನ ಒಳಜೇಬಿಗೆ ಇಳಿಸಿದರು.

"ಬಿಚ್ಚಿ ಕೊಡಿ. ಇಸ್ತ್ರಿ ಮಾಡಿ ಗುಂಡಿ ಹಾಕ್ಬಿಡ್ತೀನಿ."

"ಹಾಕ್ಕೊಂಡೇ ಇರ್ತೀನಲ್ಲ..."

"ಮೈಮೇಲೇ ಇಸ್ತ್ರಿ ಎಳೀಲಾ?"

ಬಿಚ್ಚಲೇಬೇಕಾಯಿತು. ಇಸ್ತ್ರಿಪೆಟ್ಟಿಗೆ ಎದೆಯ ಭಾಗಕ್ಕೆ ಬಂದಾಗ ಒಳಗೆ ಕಾಗದ ಸರಬರ ಎಂದಿತು. ಟೈಲರಮ್ಮನ ಕೈ ಒಂದು ಕ್ಷಣ ನಿಂತಿತು. ಆಮೇಲೆ ಏನೂ ಅರಿಯದವಳಂತೆ ಸೂಜಿಗೆ ದಾರ ಪೋಣಿಸಿದಳು.

"ಬೆಳಿಗ್ಗೆ ಔಷಧಿ ಅಂಗಡಿಯವರ ಹೆಂಡ್ತಿ ಬಂದಿದ್ರು. ಮೂಲೆ ಸೈಟಲ್ಲಿ ಮನೆ ಕಟ್ತಾರಂತೆ, ಪರದೆ ಹೊಲೀಬೇಕಂತೆ. ಇನ್ನೂ ಪಾಯಾನೇ ತೋಡಿಲ್ಲ, ಕಿಟಕಿ ಅಳತೆ ಕೊಟ್ಟು ಹೋದ್ರು ನೋಡಿ!"

ಡಾಕ್ಟರಿಗೆ ಒಣಕೆಮ್ಮು ಶುರುವಾಯಿತು. ಅವಳು ಪ್ರತಿ ಗುಂಡಿಗೂ ಗಂಟು ಹಾಕಿ ಹಲ್ಲಲ್ಲೇ ದಾರ ಕಡಿಯುತ್ತಿದ್ದರೂ ಗದರುವ ಧೈರ್ಯ ಬರಲಿಲ್ಲ.

ಐದಕ್ಕೆ ಐದು ನಿಮಿಷವಿದ್ದಾಗ ಕೋಟು ಕೈಗೆ ಬಂತು. ಡಾಕ್ಟರು ಅವಸರದಲ್ಲಿ ತೊಟ್ಟು ಒಳಜೇಬಿಗೆ ಕೈ ಹಾಕಿದರು. ಬೆರಳ ತುದಿಯೂ ಒಳಗೆ ಹೋಗಲಿಲ್ಲ.

"ಅಯ್ಯೋ, ಜೇಬು ಹೊಲಿದುಬಿಟ್ಟಿದ್ದೀಯಲ್ಲೇ!"

"ಹೊಸ ಕೋಟಿನ ಜೇಬು ಜೋತು ಬೀಳಬಾರ್ದು ಅಂತ ಬಾಯಿ ಹೊಲಿದೇ ಕೊಡೋದು ಡಾಕ್ಟ್ರೇ. ನಮ್ಮ ಮಾವನ ಕಾಲದಿಂದ ಹೀಗೇ. ನಿಮಗೆ ಅಂತ ಎರಡೆಳೆ ಹಾಕಿದ್ದೀನಿ."

"ಬ್ಲೇಡಾದ್ರೂ ಕೊಡು!"

"ಬ್ಲೇಡೇ? ಕೋಟು ಹರಿದ್ರೆ ಮದುವೆಗೆ ಏನು ಹಾಕ್ಕೋತೀರಿ?"

ಡಾಕ್ಟರು ಕೋಟು ಕಿತ್ತು ಮುಂದೆ ಚಾಚಿದರು. "ಇದರೊಳಗೇ ಇದೆ. ಹಾಗೇ ಹಿಡ್ಕೋ!"

ಟೈಲರಮ್ಮ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು. ಮುಖ ನಗುತ್ತಿತ್ತು. "ಕರಾರಿನಲ್ಲಿ ಪತ್ರ ಅಂತಿದೆ ಡಾಕ್ಟ್ರೇ. ಕೋಟು ಅಂತ ನೀವು ಬರೆಸಿಲ್ಲ."

ಬೇರೆ ದಾರಿ ಕಾಣದೆ ಡಾಕ್ಟರು ಒಳಜೇಬನ್ನು ಬಾಯಿಗೆ ತಂದು, ಮುಂಬಲ್ಲಿನಿಂದ ಕಚ್ಚಿ ಎಳೆಯತೊಡಗಿದರು. ಎರಡೆಳೆ ದಾರ ಜಪ್ಪಯ್ಯ ಎನ್ನಲಿಲ್ಲ. ಗೋಡೆಯ ಮೇಲೆ ಗಡಿಯಾರ ಢಣ್ ಢಣ್ ಎಂದು ಐದು ಹೊಡೆದು ಮುಗಿಸಿತು.

ಟೈಲರಮ್ಮ ಉಸಿರು ಬಿಟ್ಟಳು. ಹತ್ತಿರ ಬಂದು ಕೋಟನ್ನು ಅವರ ಬಾಯಿಂದ ನಯವಾಗಿ ಬಿಡಿಸಿದಳು.

"ಹಲ್ಲಲ್ಲಿ ದಾರ ಕಡೀಬಾರ್ದು ಡಾಕ್ಟ್ರೇ. ಎಷ್ಟು ಸಲ ಹೇಳ್ಬೇಕು ನಿಮಗೆ?"