ಒಂದೇ ರೀಲಿನ ನೂಲು

“ಒಂದೇ ಒಂದ್ಸಲ ನೋಡಿಬಿಡು ಅಕ್ಕ. ‘ತಳ್ಳು ಪಕ್ಕಕ್ಕೆ’ ಅಂತ ಮಾತ್ರ ಅನ್ಬೇಡ,” ಎನ್ನುತ್ತಾ ಸೂಜಿಯಣ್ಣ ತನ್ನ ಹೊಚ್ಚಹೊಸ ಪಾಸ್‌ಪೋರ್ಟನ್ನು ದೀಪದಕ್ಕನ ಮೇಜಿನ ಮೇಲಿಟ್ಟ. ಊಟದ ಬಿಡುವು. ಮುದ್ರಣಾಲಯದ ಯಂತ್ರಗಳೆಲ್ಲ ಬಾಯಿ ಮುಚ್ಚಿಕೊಂಡಿದ್ದವು.

ಅಲ್ಲಿ ತಯಾರಾಗುವ ಸರಕು ಒಂದೇ: ಹನ್ನೊಂದು ದೇಶಗಳ ಪಾಸ್‌ಪೋರ್ಟು, ಈ ದೇಶದ್ದೂ ಸೇರಿ. ರಟ್ಟು ಬೇರೆ, ಲಾಂಛನ ಬೇರೆ, ಒಳಗಿನ ಹಕ್ಕಿ ಬೆಟ್ಟಗಳು ಬೇರೆ. ಹೊಲಿಯುವ ನೂಲಿನ ರೀಲು ಮಾತ್ರ ಒಂದೇ. ಹೊಲಿಗೆಯಂತ್ರ ಸೂಜಿಯಣ್ಣನದು. ಹೊಲಿದದ್ದನ್ನು ನೇರಳೆ ದೀಪದ ಕೆಳಗೆ ಹಿಡಿದು, ನೂಲು ಮೂರು ಬಣ್ಣಗಳಲ್ಲಿ ಹೊಳೆಯುತ್ತದೋ ಇಲ್ಲವೋ ನೋಡಿ, ಕೊಂಚ ಐಬು ಕಂಡರೂ “ತಳ್ಳು ಪಕ್ಕಕ್ಕೆ!” ಎಂದು ಚೂರು ಮಾಡಲು ಕಳಿಸುವವಳು ದೀಪದಕ್ಕ. ಹತ್ತೊಂಬತ್ತು ವರ್ಷಗಳಲ್ಲಿ ಅವಳ ಕಣ್ಣು ತಪ್ಪಿಸಿಕೊಂಡ ಪುಸ್ತಕ ಒಂದೂ ಇಲ್ಲವೆಂದು ಎಲ್ಲರೂ ನಂಬಿದ್ದರು; ಎಲ್ಲರಿಗಿಂತ ಹೆಚ್ಚಾಗಿ ಅವಳೇ ನಂಬಿದ್ದಳು.

ಯಂತ್ರಕ್ಕೆ ಯಾವ ದೇಶದ ಪುಸ್ತಕ ಬಂದರೆ ಆ ದೇಶದ ಗಡಿ ಅಧಿಕಾರಿ ಸೂಜಿಯಣ್ಣನ ಗಂಟಲಿಗೆ ಬಂದು ಕೂರುತ್ತಿದ್ದ. ಹಸಿರು ರಟ್ಟಿನವನು ಮೂಗಿನಲ್ಲಿ, “ಯಾಕ್ರೀ ಬಂದ್ರಿ?” ಎನ್ನುವನು, ನೀಲಿ ರಟ್ಟಿನವನು ತುಟಿ ಅಲ್ಲಾಡಿಸದೆ, “ಯಾವಾಗ ಹೋಗ್ತೀರಿ?” ಎನ್ನುವನು. ತಮಾಷೆಯೆಂದರೆ, ಇಪ್ಪತ್ತೆರಡು ವರ್ಷಗಳಿಂದ ಸೂಜಿಯಣ್ಣ ಯಾವ ಗಡಿಯನ್ನೂ ದಾಟಿರಲಿಲ್ಲ. ಅವನು ಕೆಲಸಕ್ಕೆಂದು ಇತ್ತ ಬಂದ ಮರುವರ್ಷವೇ ತಾನು ಹುಟ್ಟಿದ ದೇಶ ಎರಡು ಹೋಳಾಗಿ, ಅದರ ಹೆಸರೇ ನಕಾಶೆಯಿಂದ ಎದ್ದುಹೋಗಿತ್ತು. ಅಲ್ಲಿದ್ದ ಅವನ ಒಡಹುಟ್ಟಿದ ಅಕ್ಕ ಹೊಸ್ತಿಲು ದಾಟದೆಯೇ ಹೊಸ ದೇಶದವಳಾದಳು. ಇವನ ಕೈಗೆ ಬಂದದ್ದು ಒಂದು ಬೂದು ಕಾಗದ. ಅದರಲ್ಲಿ ‘ಪೌರತ್ವ’ ಎಂಬುದರ ಮುಂದೆ ಒಂದು ಅಡ್ಡಗೆರೆ. “ದೇಶ ಕೇಳಿದ್ರೆ ಉಪದೇಶ ಕೊಡ್ತಾರಪ್ಪ,” ಎಂದು ನಗಿಸುತ್ತಲೇ ಅರ್ಜಿಯ ಮೇಲೆ ಅರ್ಜಿ ಹಾಕಿದ್ದ. ನಿನ್ನೆ, ಕೊನೆಗೂ, ಈ ದೇಶ ಅವನನ್ನು ತನ್ನವನೆಂದು ಒಪ್ಪಿ ಪಾಸ್‌ಪೋರ್ಟು ಕೊಟ್ಟಿತ್ತು. ನಾಳೆ ಬೆಳಗಿನ ರೈಲಿಗೆ ಟಿಕೆಟ್ಟಾಗಿದೆ. ಊರಲ್ಲಿರುವ ಆ ಅಕ್ಕನ ಕಣ್ಣು ಮಂಜಾಗುತ್ತಿದೆ. “ಪೂರ್ತಿ ಕತ್ತಲಾಗೋ ಮುಂಚೆ ಬಾರೋ, ನಿನ್ನ ಮುಖ ನೋಡ್ಬೇಕು,” ಎಂದಿದ್ದಾಳೆ.

ದೀಪದಕ್ಕ ದೀಪ ಹಾಕಿ ನಡುಪುಟ ಬಿಡಿಸಿದಳು. ನೂಲು ಮಿಣುಕುಹುಳಗಳ ಸಾಲಿನಂತೆ ಹೊತ್ತಿಕೊಂಡಿತು. ಅದರ ಗುಂಟ ಸಾಗಿದ ಅವಳ ಬೆರಳು ಒಂದು ಕಡೆ ಗಕ್ಕನೆ ನಿಂತಿತು. ಅಲ್ಲೊಂದು ತೂತು ಖಾಲಿ. ಸೂಜಿ ಹೊಕ್ಕಿದೆ, ನೂಲು ಹೊಕ್ಕಿಲ್ಲ.

ಅವಳು ತಲೆಯೆತ್ತಿ ಅವನನ್ನು ನೋಡಿದಳು. ಯಾರಿಗೋ ಎಂದು ಇವನು ಹೊಲಿದದ್ದು, ಯಾರದೋ ಎಂದು ತಾನು ದಾಟಿಸಿದ್ದು, ಲಕ್ಷಾಂತರ ಪುಸ್ತಕಗಳ ನಡುವಿನಿಂದ ದಾರಿ ಹುಡುಕಿಕೊಂಡು ಇವನ ಕೈಗೇ ಬಂದು ಬಿದ್ದಿದೆಯಲ್ಲ! ಸೂಜಿಯಣ್ಣ ಬಾಗಿ ನೋಡಿದ. ಆಮೇಲೆ ಅವಳದೇ ದನಿಯಲ್ಲಿ ಮೆಲ್ಲಗೆ ಹೇಳಿದ: “ತಳ್ಳು ಪಕ್ಕಕ್ಕೆ.”

ಇಬ್ಬರೂ ನಗಲಿಲ್ಲ.

“ಗಡಿಯಲ್ಲೂ ಇದೇ ದೀಪ ಇರುತ್ತೆ ಅಲ್ವಾ ಅಕ್ಕ?”

“ಇರುತ್ತೆ.”

“ಇದನ್ನ ವಾಪಸ್ ಕೊಟ್ರೆ, ಹೊಸದು ಬರೋಕೆ?”

“ಎಂಟು ತಿಂಗಳು.”

“ಅಷ್ಟೊತ್ತಿಗೆ ಅವಳ ಪಾಲಿಗೆ ನಾನು ಬರೀ ದನಿ. ದನಿ ನಂಬೋಕಾಗುತ್ತಾ? ಅದೂ ನಂದು?”

ದೀಪದಕ್ಕ ಗೋಡೆಯತ್ತ ನೋಡಿದಳು. ನೂಲು ಹೊರಗೆ ಹೋಗಬಾರದೆಂದು ದಪ್ಪ ಅಕ್ಷರಗಳಲ್ಲಿ ಬರೆದಿತ್ತು. ಪುಸ್ತಕ ಒಳಗೆ ಬರಬಾರದೆಂದು ಎಲ್ಲೂ ಬರೆದಿರಲಿಲ್ಲ. ಎದ್ದು ಹೋಗಿ ರೀಲಿನಿಂದ ಗೇಣುದ್ದ ನೂಲು ಕತ್ತರಿಸಿದಳು. ಇದರ ಹಿಂದಿನ ಗೇಣು ಈಗ ಯಾವ ಸಮುದ್ರದ ಮೇಲೆ ಹಾರುತ್ತಿದೆಯೋ, ಮುಂದಿನ ಗೇಣು ಯಾರ ಜೇಬು ಸೇರುವುದೋ! ಕೈಸೂಜಿಯ ಜೊತೆ ಅದನ್ನು ಅವನ ಅಂಗೈಯಲ್ಲಿಟ್ಟಳು.

“ಅಕ್ಕ, ಇದು ಕಳ್ಳಕೆಲಸ ಆಗಲ್ವಾ?”

“ಬೆಳಗ್ಗಿಂದ ಸಂಜೆವರೆಗೂ ಮಾಡ್ತೀಯಲ್ಲ, ಅದೇ ಕೆಲಸ. ಹಾಕಣ್ಣ.”

ಹನ್ನೊಂದು ದೇಶಗಳಿಗೆ ಹೊಲಿದ ಕೈ ಮೊದಲ ಸಲ ತನಗೆಂದು ಸೂಜಿ ಹಿಡಿಯಿತು. ಸೂಜಿ ತೂತು ಹೊಕ್ಕಿತು, ತಿರುಗಿ ಬಂತು. ನೂಲಿನ ತುದಿ ಪಕ್ಕದ ಹೊಲಿಗೆಯಡಿ ತಲೆಮರೆಸಿಕೊಂಡಿತು. ಬೂದು ಕಾಗದದ ಆ ಅಡ್ಡಗೆರೆಯಷ್ಟೇ ಉದ್ದದ ಒಂದು ಹೊಲಿಗೆ.

ದೀಪದಕ್ಕ ಪುಸ್ತಕವನ್ನು ಮತ್ತೆ ದೀಪಕ್ಕೆ ಹಿಡಿದಳು. ಸಾಲಿಗೆ ಸಾಲೇ ಹೊಳೆಯಿತು: ಕೆಂಪು, ಹಳದಿ, ಹಸಿರು. ಮೇಲೆ ಕೆಳಗೆ ಮಾಡಿ ನೋಡಿದಳು, ಕಣ್ಣು ಕಿರಿದು ಮಾಡಿ ನೋಡಿದಳು. ಸರ್ಕಾರ ಕೊಟ್ಟದ್ದು ಯಾವುದು, ಇವನು ಹಾಕಿಕೊಂಡದ್ದು ಯಾವುದು, ಹತ್ತೊಂಬತ್ತು ವರ್ಷ ಪಳಗಿದ ಕಣ್ಣಿಗೂ ತಿಳಿಯಲಿಲ್ಲ.

“ಯಾವುದಣ್ಣ ನೀನು ಹಾಕಿದ್ದು?”

ಸೂಜಿಯಣ್ಣನ ಗಂಟಲಿಗೆ ಈಗ ಯಾವ ದೇಶದ ಅಧಿಕಾರಿಯೂ ಬರಲಿಲ್ಲ.

“ಎಲ್ಲಾ ನಾನೇ ಹಾಕಿದ್ದಲ್ವೇನಕ್ಕ?”